ರುಖ್ಮಾಬಾಯಿಗೆ ಬಂದ ನೋಟಿಸ್ ನನ್ನ ಅಕ್ಕನಿಗೂ ಬಂತು: ಕಾನೂನು ಸಚಿವರಿಗೆ, ನಮ್ಮ 28 ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ಕಾನೂನು ಸಚಿವರೇ, ಕರ್ನಾಟಕದಿಂದ ಲೋಕಸಭೆಗೆ ಆರಿಸಿ ಹೋದ 28 ಜನ ಸಂಸದರೇ,

ನಮಸ್ಕಾರ. ಕನ್ನಡದಲ್ಲೇ ಬರೆಯುತ್ತಿದ್ದೇನೆ. ಸಚಿವರಿಗೆ ಯಾರಾದರೂ ಓದಿ ಹೇಳಬೇಕಾಗಬಹುದು. ನೀವು 28 ಜನ ಓದಿ ಹೇಳಿದರೆ ಇನ್ನೂ ಒಳ್ಳೆಯದು.

ನಾನು ಧಾರವಾಡದವಳು. ವಕೀಲೆ ಅಲ್ಲ, ಶಾಲೆಯಲ್ಲಿ ಪಾಠ ಹೇಳುತ್ತೇನೆ. ನನ್ನ ಅಕ್ಕ ಗಂಡನ ಮನೆ ಬಿಟ್ಟು ತವರಿಗೆ ಬಂದು ಎಂಟು ತಿಂಗಳಾಗಿತ್ತು. ಯಾಕೆ ಬಂದಳು ಅನ್ನುವುದನ್ನು ಪೂರ್ತಿ ಬರೆಯುವುದಿಲ್ಲ, ಅದು ಅವಳು ಹೇಳಬೇಕಾದ ಮಾತು. ಬಂದಾಗ ಅವಳ ಎಡಗಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಅಷ್ಟು ಹೇಳಿದರೆ ಸಾಕು. ಮಗುವಿನ ಶಾಲೆಯ ಫೀಸಿಗೆ ಅಂತ ಜೀವನಾಂಶ ಕೇಳಿ ಅರ್ಜಿ ಹಾಕಿದಳು. ಒಂದೂವರೆ ತಿಂಗಳಿಗೆ ಕೋರ್ಟಿನಿಂದ ನೋಟಿಸ್ ಬಂತು. ಅದು ಅವಳ ಅರ್ಜಿಗೆ ಬಂದ ಉತ್ತರ ಅಲ್ಲ, ಅವಳ ಮೇಲೆಯೇ ಹಾಕಿದ ಇನ್ನೊಂದು ಕೇಸು. ಹಿಂದೂ ವಿವಾಹ ಕಾಯ್ದೆಯ ಕಲಂ 9, ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ. ಸಕಾರಣವಿಲ್ಲದೆ ಹೆಂಡತಿ ನನ್ನನ್ನು ತೊರೆದು ಹೋಗಿದ್ದಾಳೆ, ವಾಪಸ್ ಬಂದು ನನ್ನ ಜೊತೆ ಬಾಳುವಂತೆ ಆದೇಶ ಕೊಡಿ ಅಂತ.

ಅಕ್ಕ ಅದನ್ನು ಎರಡು ಸಲ ಓದಿಸಿಕೊಂಡಳು. ಆಮೇಲೆ ಕೇಳಿದಳು: "ಪೊಲೀಸರು ಬಂದು ನನ್ನ ಎಳಕೊಂಡು ಹೋಗ್ತಾರೇನವಾ?"

ಇಲ್ಲ ಅಂತ ನನಗೂ ಗಟ್ಟಿಯಾಗಿ ಹೇಳಲು ಬರಲಿಲ್ಲ. ಮರುದಿನ ವಕೀಲರು ಹೇಳಿದರು: "ಯಾರೂ ಎಳಕೊಂಡು ಹೋಗಂಗಿಲ್ಲ. ಆದ್ರ ಜೀವನಾಂಶದ ಕೇಸಿಗೆ ಇದು ಅಡ್ಡಗಾಲು." ಇದು ಮಾಮೂಲು, ಹೆಂಡತಿ ಜೀವನಾಂಶ ಕೇಳಿದರೆ ಗಂಡ ಕಲಂ 9 ಹಾಕುತ್ತಾನೆ ಎಂದರು. ಅವರು ಹೇಳಿದ್ದು ನಿಜವೇ ಇರಬಹುದು. ಆದರೂ ಎಷ್ಟೋ ದಿನ ರಾತ್ರಿ ಮಲಗುವ ಮುಂಚೆ ಅಕ್ಕ ಎದ್ದು ಹೋಗಿ ಬಾಗಿಲ ಚಿಲಕ ಇನ್ನೊಮ್ಮೆ ನೋಡಿ ಬರುತ್ತಿದ್ದಳು.

ಹೆಂಡತಿ ಬಾಳಲು ಬರಲಿ ಅಂತ ಕೋರ್ಟು ಆದೇಶ ಕೊಡುವುದು ಅಂದರೆ ಏನು, ಇದು ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ. ಹಾಗೆ ಹೋದಾಗ ಸಿಕ್ಕವರು ರುಖ್ಮಾಬಾಯಿ. ಅವರ ಕಥೆ ನಿಮಗೆ ಗೊತ್ತಿದ್ದರೂ ಇನ್ನೊಮ್ಮೆ ಕೇಳಿ, ದಯವಿಟ್ಟು.

1864ರಲ್ಲಿ ಮುಂಬೈಯಲ್ಲಿ ಹುಟ್ಟಿದವರು. ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. ತಾಯಿ ಜಯಂತಿಬಾಯಿಗೂ ಆಗ ಇನ್ನೂ ಹದಿಹರೆಯ. ಅವರ ಜಾತಿಯಲ್ಲಿ ಮರುಮದುವೆಗೆ ಅಡ್ಡಿ ಇರಲಿಲ್ಲ, ಕೆಲವು ವರ್ಷದ ನಂತರ ಡಾಕ್ಟರ್ ಸಖಾರಾಮ್ ಅರ್ಜುನ್ ಅವರನ್ನು ಮದುವೆಯಾದರು. ಸಖಾರಾಮ್ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು, ಗಿಡಮೂಲಿಕೆಗಳ ಬಗ್ಗೆ ಬಹಳ ತಿಳಿದವರು. ಹೆಂಡತಿಯ ಮೊದಲ ಮದುವೆಯ ಮಗಳನ್ನು ತಮ್ಮ ಮಗಳ ಹಾಗೇ ಸಾಕಿದರು. ಆದರೂ ಊರಿನ ಪದ್ಧತಿ ಮೀರಲಾಗಲಿಲ್ಲ. 11ನೇ ವಯಸ್ಸಿಗೆ ರುಖ್ಮಾಬಾಯಿಯ ಮದುವೆ ಆಯಿತು. ಹುಡುಗ ದಾದಾಜಿ ಭಿಕಾಜಿ, ವಯಸ್ಸು 19.

ಮದುವೆಯಾದರೂ ಆಕೆ ಗಂಡನ ಮನೆಗೆ ಹೋಗಲಿಲ್ಲ. ಸಖಾರಾಮ್ ಕಳಿಸಲಿಲ್ಲ. ಹುಡುಗಿ ಇನ್ನೂ ಸಣ್ಣವಳು, ಹುಡುಗ ಮೊದಲು ಓದಿ ದಾರಿಗೆ ಬರಲಿ ಅನ್ನುವುದು ಮನೆಯವರ ಆಸೆ. ದಾದಾಜಿ ಓದಲಿಲ್ಲ, ಆರೋಗ್ಯವೂ ಕೆಟ್ಟಿತು, ಸೋದರಮಾವನ ಮನೆ ಸೇರಿಕೊಂಡರು. ಇತ್ತ ರುಖ್ಮಾಬಾಯಿ ಮನೆಯಲ್ಲೇ ಕೂತು, ಫ್ರೀ ಚರ್ಚ್ ಮಿಷನ್ನಿನ ಗ್ರಂಥಾಲಯದಿಂದ ಪುಸ್ತಕ ತರಿಸಿಕೊಂಡು ಓದಿದರು. ಸಮಾಜ ಸುಧಾರಕರ ಪ್ರಾರ್ಥನಾ ಸಮಾಜದ ಸಭೆಗಳಿಗೆ ಹೋದರು. 1884ರಲ್ಲಿ, ಆಕೆಗೆ ಇನ್ನೇನು 20 ತುಂಬುವ ಹೊತ್ತಿಗೆ, ದಾದಾಜಿ ಮುಂಬೈ ಹೈಕೋರ್ಟಿಗೆ ಹೋದರು. ಹೆಂಡತಿಯನ್ನು ನನ್ನ ಮನೆಗೆ ಕಳಿಸಿ ಅಂತ. ಅಕ್ಕನ ನೋಟಿಸಿನಲ್ಲಿ ಇದ್ದದ್ದೂ ಅದೇ ಬೇಡಿಕೆ, ಅದೇ ಹೆಸರು.

ಅಕ್ಕನ ಹತ್ತಿರ ಇರದ ಒಂದು ಭಾಗ್ಯ ರುಖ್ಮಾಬಾಯಿಗೆ ಇತ್ತು ಅಂತ ಎಷ್ಟೋ ಸಲ ಅನಿಸಿದೆ. ಆಕೆಯ ಬೆನ್ನಿಗೆ ನಿಂತ ಮಲತಂದೆ. ಆದರೆ ಸಖಾರಾಮ್ ಮೊದಲ ತೀರ್ಪು ಬರುವ ಮುಂಚೆಯೇ, 1885ರಲ್ಲಿ, ತೀರಿಕೊಂಡರು. ಆಮೇಲಿನದನ್ನೆಲ್ಲ ಆಕೆ ತಾಯಿಯ ಜೊತೆಗೆ ನಿಂತು ಎದುರಿಸಿದ್ದು.

ಅದೇ ವರ್ಷ ಜೂನ್ ಮತ್ತು ಸೆಪ್ಟೆಂಬರಿನಲ್ಲಿ 'ಟೈಮ್ಸ್ ಆಫ್ ಇಂಡಿಯಾ'ಕ್ಕೆ 'ಒಬ್ಬ ಹಿಂದೂ ಮಹಿಳೆ' ಎಂಬ ಹೆಸರಿನಲ್ಲಿ ಎರಡು ಪತ್ರ ಬರೆದರು. ಬಾಲ್ಯವಿವಾಹ ತನ್ನ ಬದುಕಿನ ಸುಖವನ್ನು ಹಾಳು ಮಾಡಿತು, ತಾನು ಎಲ್ಲಕ್ಕಿಂತ ಹೆಚ್ಚು ಪ್ರೀತಿಸುವ ಓದಿಗೆ ಅದು ಅಡ್ಡ ಬಂತು ಎಂದು ಬರೆದರು. ಅದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಕೋರ್ಟಿನಲ್ಲಿ ಇಷ್ಟೆಲ್ಲ ಜನ ಆಕೆಯ ಕರ್ತವ್ಯದ ಬಗ್ಗೆ ವಾದ ಮಾಡುತ್ತಿದ್ದಾಗ, ಆಕೆ ತನ್ನ ಪ್ರೀತಿ ಯಾವುದು ಅಂತ ಹೇಳಿಬಿಟ್ಟಿದ್ದರು. ಅದು ಯಾರಿಗೂ ಬೇಕಿರಲಿಲ್ಲ.

1885ರ ಸೆಪ್ಟೆಂಬರ್ 21ರಂದು ನ್ಯಾಯಮೂರ್ತಿ ಪಿನ್ಹೇ ತೀರ್ಪು ಕೊಟ್ಟರು. ಇವರಿಬ್ಬರೂ ಒಂದು ದಿನವೂ ಜೊತೆಗೆ ಬಾಳಿಲ್ಲ, ಇಲ್ಲದ ಸಂಸಾರವನ್ನು ಮತ್ತೆ ಕೂಡಿಸುವುದು ಹೇಗೆ, ಮನಸ್ಸಿಲ್ಲದ ಹುಡುಗಿಯನ್ನು ಇಷ್ಟವಿಲ್ಲದವನ ಜೊತೆ ಕಳಿಸುವುದು ಕ್ರೂರ ಎಂದರು. ಅವರ ಮಾತಿನಲ್ಲಿ ಇನ್ನೊಂದು ವಿಷಯವೂ ಇತ್ತು: ಈ ತರಹದ ಕೇಸು ಹಿಂದೂ ಕಾನೂನಿನಲ್ಲಿ ಇಲ್ಲವೇ ಇಲ್ಲ, ಇದು ಇಂಗ್ಲೆಂಡಿನಿಂದ ಬಂದದ್ದು.

ಇದು ನಿಮಗೆ ಮುಖ್ಯ, ಸಚಿವರೇ. ಹೆಂಡತಿಯನ್ನು ಕೋರ್ಟಿನ ಆದೇಶದ ಮೇಲೆ ವಾಪಸ್ ಕರೆಸುವುದು ನಮ್ಮ ಸಂಪ್ರದಾಯ ಅಂತ ನಂಬಿದವರು ಬಹಳ ಜನ ಇದ್ದಾರೆ. ಅಲ್ಲ. ಅದು ಇಂಗ್ಲೆಂಡಿನ ಚರ್ಚ್ ಕೋರ್ಟುಗಳ ಪದ್ಧತಿ. 1867ರಲ್ಲಿ ಶಮ್ಸುನ್ನಿಸಾ ಬೇಗಂ ಎಂಬ ಹೆಣ್ಣುಮಗಳು, ಗಂಡ ತನ್ನನ್ನು ಹಿಂಸಿಸಿದ, ಆಸ್ತಿ ನುಂಗಿದ ಅಂತ ಮನೆ ಬಿಟ್ಟು ಬಂದ ಕೇಸಿನಲ್ಲಿ, ಆಗ ನಮ್ಮ ಕೇಸುಗಳಿಗೆ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಇಂಥ ದಾವೆ ಇಲ್ಲೂ ನಡೆಯುತ್ತದೆ ಎಂದಿತು. ಅಲ್ಲಿಂದ ಇದು ನಮ್ಮ ಕೋರ್ಟುಗಳಲ್ಲಿ ಬೇರು ಬಿಟ್ಟಿತು.

ಹಾಗಾದರೆ ನಮ್ಮಲ್ಲಿ ಏನಿತ್ತು? ನಮ್ಮ ಧಾರವಾಡದ ಸೀಮೆಯಲ್ಲಿ ಎಷ್ಟೋ ಜಾತಿಗಳಲ್ಲಿ ಸೋಡಚೀಟಿ ಇತ್ತು, ಉಡಿಕೆ ಇತ್ತು. ಬಾಳಲಾಗದಿದ್ದರೆ ಹಿರಿಯರ ಮುಂದೆ ಬಿಡುಗಡೆ, ಆಮೇಲೆ ಇನ್ನೊಬ್ಬರ ಕೈ ಹಿಡಿಯುವ ದಾರಿ. ಅದೇನೂ ಸ್ವರ್ಗ ಆಗಿರಲಿಲ್ಲ. ಪಂಚರೆಲ್ಲ ಗಂಡಸರೇ, ದಂಡ ಕಟ್ಟಬೇಕು, ಮೇಲ್ಜಾತಿಯ ಹೆಣ್ಣಿಗಂತೂ ಆ ದಾರಿಯೂ ಇರಲಿಲ್ಲ. ಆದರೂ ಒಂದು ಬಾಗಿಲು ಇತ್ತು. 1876ರಲ್ಲಿ ಮುಂಬೈ ಹೈಕೋರ್ಟು, ಮದುವೆ ಬಿಡಿಸಿ ಹೆಣ್ಣಿಗೆ ಮರುಮದುವೆಗೆ ಒಪ್ಪಿಗೆ ಕೊಡುವ ಅಧಿಕಾರ ಜಾತಿಗೆ ಇಲ್ಲ ಎಂದಿತು. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಎಲ್ಲವೂ ಆಗ ಮುಂಬೈ ಪ್ರಾಂತ್ಯ, ಅದೇ ಹೈಕೋರ್ಟಿನ ಕೆಳಗೆ. ಹೆಣ್ಣಿನ ಹೊರಹೋಗುವ ಬಾಗಿಲು ಮುಚ್ಚಿದರು, ಎಳೆದು ತರುವ ಬಾಗಿಲು ತೆರೆದರು. ಬ್ರಿಟಿಷರು ಬಂದು ನಮ್ಮ ಹೆಣ್ಣುಮಕ್ಕಳನ್ನು ಉದ್ಧಾರ ಮಾಡಿದರು ಅಂತ ಪಾಠದಲ್ಲಿ ಬರುತ್ತದೆ, ನಾನೇ ಎಷ್ಟೋ ವರ್ಷ ಹಾಗೇ ಪಾಠ ಮಾಡಿದ್ದೇನೆ. ಈಗ ಹಾಗೆ ಮಾಡಲು ಬಾಯಿ ಬರುವುದಿಲ್ಲ.

ರುಖ್ಮಾಬಾಯಿ ಗೆದ್ದದ್ದು ಬಹಳ ದಿನ ಉಳಿಯಲಿಲ್ಲ. 1886ರಲ್ಲಿ ಮೇಲ್ಮನವಿಯಲ್ಲಿ ಮುಖ್ಯ ನ್ಯಾಯಮೂರ್ತಿ ಸಾರ್ಜೆಂಟ್ ಮತ್ತು ಇನ್ನೊಬ್ಬ ನ್ಯಾಯಮೂರ್ತಿ ಆ ತೀರ್ಪನ್ನು ತಳ್ಳಿಹಾಕಿದರು. 1887ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿ ಫ್ಯಾರನ್ ಹೇಳಿದ್ದು ಇಷ್ಟು: ಗಂಡನ ಮನೆಗೆ ಹೋಗು, ಇಲ್ಲದಿದ್ದರೆ ಆರು ತಿಂಗಳು ಜೈಲು. ಆಕೆ ಜೈಲಿಗೆ ಹೋಗುತ್ತೇನೆ ಎಂದರು.

22 ವರ್ಷದ ಹುಡುಗಿ. ಇಡೀ ಮುಂಬೈ ಆಕೆಯ ಬಗ್ಗೆ ಮಾತಾಡುತ್ತಿತ್ತು. ತಿಲಕರ ಪತ್ರಿಕೆಗಳು ಆಕೆಯ ವಿರುದ್ಧ ಬರೆದವು, ಇಂಗ್ಲಿಷ್ ಓದಿದ ಹೆಣ್ಣು ಧರ್ಮ ಕೆಡಿಸುತ್ತಾಳೆ ಅನ್ನುವ ಧಾಟಿಯಲ್ಲಿ. ತಿಲಕರ ಮೇಲೆ ನನಗೆ ಗೌರವ ಇದೆ, ಅವರ ಫೋಟೋ ನಮ್ಮ ಶಾಲೆಯ ಗೋಡೆಯ ಮೇಲೂ ಇದೆ. ಆದರೆ ಈ ವಿಷಯದಲ್ಲಿ ಅವರು ತಪ್ಪು ಮಾಡಿದರು, ಹೇಳಲೇಬೇಕು.

ಇನ್ನೊಂದು ಕಡೆ ಇದನ್ನೂ ನೋಡಿ. ಇಂಗ್ಲೆಂಡಿನಲ್ಲಿ 1884ರಲ್ಲೇ ಪಾರ್ಲಿಮೆಂಟು ಕಾನೂನು ತಂದು, ದಾಂಪತ್ಯದ ಆದೇಶ ಪಾಲಿಸದವರನ್ನು ಜೈಲಿಗೆ ಹಾಕುವುದನ್ನು ನಿಲ್ಲಿಸಿತ್ತು. ದಾದಾಜಿ ಕೇಸು ಹಾಕಿದ ಅದೇ ವರ್ಷ. ಅಂದರೆ ಲಂಡನ್ನಿನ ಹೆಂಡತಿಗೆ ಜೈಲಿಲ್ಲ, ಮುಂಬೈಯ ಹೆಂಡತಿಗೆ ಆರು ತಿಂಗಳು. ರಾಣಿ ಒಬ್ಬಳೇ.

ಇದನ್ನು ಆಗಲೇ ಬಾಯಿ ಬಿಟ್ಟು ಹೇಳಿದವರು ಪಂಡಿತಾ ರಮಾಬಾಯಿ. ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ತಾವೇ ಒಪ್ಪಿ, ಬೇರೆ ಜಾತಿಯ ಬಂಗಾಳಿ ವಕೀಲರನ್ನು ಮದುವೆಯಾಗಿ, ಎರಡು ವರ್ಷ ತುಂಬುವ ಮೊದಲೇ ಕಾಲರಾದಲ್ಲಿ ಗಂಡನನ್ನು ಕಳೆದುಕೊಂಡವರು. ಒಲಿದು ಮದುವೆಯಾಗುವುದು ಅಂದರೆ ಏನು, ಕಳೆದುಕೊಳ್ಳುವುದು ಅಂದರೆ ಏನು, ಎರಡೂ ಅವರಿಗೆ ಗೊತ್ತಿತ್ತು. 1887ರಲ್ಲಿ ಅವರು ರುಖ್ಮಾಬಾಯಿ ಬಗ್ಗೆ ಬರೆದರು. ಇಂಗ್ಲಿಷ್ ಸರ್ಕಾರವನ್ನು ಬೈದು ಏನು ಪ್ರಯೋಜನ, ಅದು ಈ ದೇಶದ ಗಂಡಸರ ಜೊತೆ ಮಾಡಿಕೊಂಡ ಒಪ್ಪಂದವನ್ನು ಪಾಲಿಸುತ್ತಿದೆ ಅಷ್ಟೇ, ಎನ್ನುವುದು ಅವರ ಮಾತಿನ ತಾತ್ಪರ್ಯ. ಈ ಒಂದು ಮಾತು ಓದಿದ ಮೇಲೆ ನನಗೆ ಆ ಕಾಲ ಅರ್ಥವಾಯಿತು. ನಿಮ್ಮ ಮನೆಯೊಳಗೆ ನಾವು ಕೈ ಹಾಕುವುದಿಲ್ಲ, ನಮ್ಮ ಆಡಳಿತಕ್ಕೆ ನೀವು ಕೈ ಹಾಕಬೇಡಿ. ಆ ಒಪ್ಪಂದಕ್ಕೆ ಹೆಣ್ಣುಮಕ್ಕಳ ಸಹಿ ಯಾರೂ ಕೇಳಲಿಲ್ಲ. 1890ರಲ್ಲಿ ಕಲ್ಕತ್ತೆಯ ಕೋರ್ಟಿನ ಮುಂದೆ ಫುಲ್ಮಣಿ ಎಂಬ ಮಗುವಿನ ಸಾವಿನ ಕೇಸು ಬಂತು. ಸುಮಾರು 11 ವರ್ಷ, ಮೂವತ್ತು ದಾಟಿದ ಗಂಡನ ಬಲಾತ್ಕಾರಕ್ಕೆ ಸತ್ತವಳು. ಹತ್ತು ವರ್ಷ ದಾಟಿದ ಹೆಂಡತಿಯ ಮೇಲೆ ಗಂಡ ಮಾಡಿದ್ದನ್ನು ಆಗಿನ ಕಾನೂನು ಅತ್ಯಾಚಾರ ಎನ್ನುತ್ತಿರಲಿಲ್ಲ, ಅವನಿಗೆ ಸಿಕ್ಕಿದ್ದು ಒಂದು ವರ್ಷ. ಅದಾದ ಮೇಲೆ 1891ರಲ್ಲಿ ಆ ವಯಸ್ಸನ್ನು 10ರಿಂದ 12ಕ್ಕೆ ಏರಿಸಿದರು. ಬರೀ ಎರಡು ವರ್ಷ, ಅದಕ್ಕೂ ಎಷ್ಟು ಗಲಾಟೆ.

ರುಖ್ಮಾಬಾಯಿ ಕೊನೆಗೆ ಜೈಲಿಗೆ ಹೋಗಲಿಲ್ಲ. 1888ರಲ್ಲಿ ರಾಜಿ ಆಯಿತು. ದಾದಾಜಿ 2,000 ರೂಪಾಯಿ ತಗೊಂಡು ತಮ್ಮ ಹಕ್ಕು ಬಿಟ್ಟರು. ಆಕೆ 1889ರಲ್ಲಿ ಇಂಗ್ಲೆಂಡಿಗೆ ಹೋಗಿ ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆಯಲ್ಲಿ ಓದಿ, 1895ರ ಹೊತ್ತಿಗೆ ಡಾಕ್ಟರಾಗಿ ವಾಪಸ್ ಬಂದರು. ಸೂರತ್ತಿನ ಹೆಂಗಸರ ಆಸ್ಪತ್ರೆಯಲ್ಲಿ, ಆಮೇಲೆ ರಾಜಕೋಟದಲ್ಲಿ, ಸುಮಾರು 35 ವರ್ಷ ಕೆಲಸ ಮಾಡಿದರು. ಇನ್ನೊಂದು ಮದುವೆ ಆಗಲಿಲ್ಲ.

1904ರಲ್ಲಿ ದಾದಾಜಿ ತೀರಿಕೊಂಡಾಗ ಆಕೆ ವಿಧವೆಯರ ಬಿಳಿ ಸೀರೆ ಉಟ್ಟರು. ಇದು ನನಗೆ ಬಹಳ ದಿನ ಅರ್ಥವಾಗಿರಲಿಲ್ಲ, ಸಿಟ್ಟೂ ಬಂದಿತ್ತು. ಯಾರ ಮನೆಗೆ ಹೋಗುವುದಕ್ಕಿಂತ ಜೈಲು ಮೇಲು ಎಂದಿದ್ದರೋ ಅವರಿಗಾಗಿ ಯಾಕೆ? ಅಕ್ಕನಿಗೆ ಹೇಳಿದಾಗ ಅವಳು ಆಶ್ಚರ್ಯಪಡಲಿಲ್ಲ. "ಯಾರೂ ಹೇಳದೆ ಮಾಡಿದ್ದು ಬ್ಯಾರೆ, ಹೇಳಿಸಿಕೊಂಡು ಮಾಡೂದು ಬ್ಯಾರೆ" ಅಂದಳು. ನನಗೆ ಅದಕ್ಕಿಂತ ಒಳ್ಳೆಯ ಉತ್ತರ ಇನ್ನೂ ಸಿಕ್ಕಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. 1923ರಲ್ಲಿ ಬ್ರಿಟಿಷ್ ಸರ್ಕಾರವೇ ಇಂಥ ಆದೇಶ ಮೀರಿದರೆ ಜೈಲು ಅನ್ನುವುದನ್ನು ಇಲ್ಲೂ ತೆಗೆಯಿತು. ಆಸ್ತಿ ಜಪ್ತಿ ಉಳಿಯಿತು. ಇವತ್ತಿಗೂ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅದು ಇದೆ. ನನ್ನ ಅಕ್ಕನ ಹತ್ತಿರ ಜಪ್ತಿ ಮಾಡಲು ಇರುವುದು ಒಂದು ಹೊಲಿಗೆ ಯಂತ್ರ.

ಸ್ವಾತಂತ್ರ್ಯ ಬಂತು. ಸಂವಿಧಾನ ಬಂತು. 1955ರ ಮೇ 18ರಂದು ಹಿಂದೂ ವಿವಾಹ ಕಾಯ್ದೆ ಜಾರಿಗೆ ಬಂತು. ವಿಚ್ಛೇದನದ ಹಕ್ಕು ಕೊಟ್ಟ ಕಾಯ್ದೆ ಅದು, ಅದಕ್ಕಾಗಿ ಹೋರಾಡಿದವರಿಗೆಲ್ಲ ನಾನು ಋಣಿ. ಆದರೆ ಅದರೊಳಗೆ ಕಲಂ 9 ಕೂಡ ಬಂದು ಕೂತಿತು, ದಾದಾಜಿ ಹಾಕಿದ ಅದೇ ದಾವೆ. ಆಗ ರುಖ್ಮಾಬಾಯಿ ಬದುಕಿದ್ದರು. 90 ವರ್ಷ. ಅದೇ ವರ್ಷ ಸೆಪ್ಟೆಂಬರ್ 25ಕ್ಕೆ ತೀರಿಕೊಂಡರು. ಆ ನಾಲ್ಕು ತಿಂಗಳಲ್ಲಿ ಯಾರಾದರೂ ಅವರ ಹತ್ತಿರ ಹೋಗಿ, ನಿಮ್ಮ ಮೇಲೆ ಹಾಕಿದ ಕೇಸನ್ನು ನಾವು ಸ್ವತಂತ್ರ ಭಾರತದ ಕಾನೂನಿಗೆ ಸೇರಿಸಿದ್ದೇವೆ ಎಂದು ಹೇಳಿದ್ದರೆ ಅವರಿಗೆ ಹೇಗೆ ಅನಿಸುತ್ತಿತ್ತೋ.

ಇಂಗ್ಲೆಂಡ್ 1970ರ ಕಾಯ್ದೆಯಲ್ಲಿ ಇದನ್ನು ಪೂರ್ತಿ ಕಿತ್ತುಹಾಕಿತು. ಕೊಟ್ಟವರೇ ಬಿಸಾಕಿದ್ದನ್ನು ನಾವು ಇನ್ನೂ ಕಾಪಾಡಿಕೊಂಡಿದ್ದೇವೆ. 1983ರಲ್ಲಿ ಆಂಧ್ರ ಹೈಕೋರ್ಟಿನ ನ್ಯಾಯಮೂರ್ತಿ ಪಿ.ಎ. ಚೌಧರಿ, ತೆಲುಗು ನಟಿ ಸರಿತಾ ಅವರ ಕೇಸಿನಲ್ಲಿ, ಇದು ಸಂವಿಧಾನಕ್ಕೆ ವಿರುದ್ಧ, ಹೆಣ್ಣಿನ ದೇಹದ ಮೇಲಿನ ಹಕ್ಕನ್ನು ಸರ್ಕಾರ ಕಿತ್ತುಕೊಂಡಂತೆ ಎಂದರು. ಅದೇ ವರ್ಷ ನವೆಂಬರಿನಲ್ಲೇ ದೆಹಲಿ ಹೈಕೋರ್ಟು ಅದನ್ನು ಒಪ್ಪಲಿಲ್ಲ, ಮನೆಯೊಳಗೆ ಸಂವಿಧಾನ ತರುವುದು ಗಾಜಿನ ಅಂಗಡಿಗೆ ಗೂಳಿ ನುಗ್ಗಿಸಿದಂತೆ ಎಂದಿತು. 1984ರಲ್ಲಿ ಸುಪ್ರೀಂ ಕೋರ್ಟು ಕಲಂ 9 ಸರಿ ಎಂದು ಉಳಿಸಿತು, ಅದು ಸಂಸಾರ ಒಡೆಯದಂತೆ ನೋಡುತ್ತದೆ ಅಂತ. ಗಾಜಿನ ಅಂಗಡಿಯ ಮಾತು ಓದಿದಾಗ ನನಗೆ ಅಕ್ಕನ ಕಿವಿ ನೆನಪಾಯಿತು. ಒಡೆಯುವುದು ಆಗಲೇ ಒಡೆದಿತ್ತು.

2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ. ಅದರ ಬಲದ ಮೇಲೆ 2019ರಲ್ಲಿ ಗುಜರಾತಿನ ಕಾನೂನು ವಿದ್ಯಾರ್ಥಿಗಳು ಕಲಂ 9 ರದ್ದು ಮಾಡಿ ಅಂತ ಸುಪ್ರೀಂ ಕೋರ್ಟಿಗೆ ಹೋದರು. ಅದಕ್ಕೂ ಒಂದು ವರ್ಷ ಮೊದಲು, 2018ರಲ್ಲಿ, ಕಾನೂನು ಆಯೋಗವೇ ತನ್ನ ಸಮಾಲೋಚನಾ ಪತ್ರದಲ್ಲಿ ಇದನ್ನು ತೆಗೆಯುವುದು ಒಳ್ಳೆಯದು ಎಂದಿತ್ತು. ಕೋರ್ಟು ಹೇಳುವವರೆಗೆ ನೀವು ಯಾಕೆ ಕಾಯಬೇಕು?

ಇದು ಗಂಡ ಹೆಂಡತಿ ಇಬ್ಬರಿಗೂ ಸಮ, ಹೆಂಗಸರೂ ಈ ಕೇಸು ಹಾಕುತ್ತಾರೆ ಅಂತ ನೀವು ಹೇಳಬಹುದು. ಹಾಕುತ್ತಾರೆ, ನಿಜ. ನಮ್ಮ ಓಣಿಯಲ್ಲೇ ಒಬ್ಬರು ಹಾಕಿದ್ದರು. ಗಂಡ ಬರಲಿಲ್ಲ. ಅವರಿಗೆ ಬೇಕಿದ್ದದ್ದು ತಲೆಯ ಮೇಲೊಂದು ಸೂರು, ಮಕ್ಕಳಿಗೆ ಊಟ. ಅದಕ್ಕೆ ಜೀವನಾಂಶ ಇದೆ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ವಾಸದ ಹಕ್ಕು ಇದೆ. ಅವನ್ನು ಗಟ್ಟಿ ಮಾಡಿ, ಬೇಗ ಸಿಗುವ ಹಾಗೆ ಮಾಡಿ. ಗಂಡಸಿಗೆ ಬಂದು ಬಾಳು ಅನ್ನುವ ಆದೇಶಕ್ಕೂ ಹೆಂಗಸಿಗೆ ಹೋಗಿ ಬಾಳು ಅನ್ನುವ ಆದೇಶಕ್ಕೂ ವ್ಯತ್ಯಾಸ ಇದೆ, ಅಲ್ವಾ? ಆ ಮನೆಯ ಬಾಗಿಲು ಹಾಕಿಕೊಂಡ ಮೇಲೆ ಏನಾಗುತ್ತದೆ, ಬಸುರಿ ಆಗುವವರು ಯಾರು, ನೀವು ಯೋಚಿಸಿ.

ಅಕ್ಕನ ಕೇಸು ಏನಾಯಿತು ಅಂತ ಹೇಳಿಬಿಡುತ್ತೇನೆ. ಸುಮಾರು ಎರಡು ವರ್ಷ ತಾರೀಖಿನ ಮೇಲೆ ತಾರೀಖು. ಹೊಲಿಗೆ ಬಿಟ್ಟು, ಮಗುವನ್ನು ಅವ್ವನ ಹತ್ತಿರ ಬಿಟ್ಟು ಹೋಗುವುದು, ಮಧ್ಯಾಹ್ನದವರೆಗೆ ಕಾಯುವುದು, ಮುಂದಿನ ತಾರೀಖು ತಗೊಂಡು ಬರುವುದು. ಮನೆ ಬಿಟ್ಟು ಬಂದದ್ದಕ್ಕೆ ತಕ್ಕ ಕಾರಣ ಇತ್ತು ಅಂತ ಸಾಬೀತು ಮಾಡುವ ಹೊಣೆ ಬಿಟ್ಟು ಬಂದವರದ್ದೇ. 1976ರಲ್ಲಿ ಹಾಗಂತ ಕಾಯ್ದೆಗೆ ವಿವರಣೆ ಸೇರಿಸಿದ್ದಾರೆ. ಕಿವಿಗೆ ಪೆಟ್ಟು ಬಿದ್ದ ದಿನ ಅಕ್ಕ ಆಸ್ಪತ್ರೆಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಹೇಳಿದ್ದಳು, ಚೀಟಿಯಲ್ಲೂ ಹಾಗೇ ಬರೆದಿತ್ತು. ಗಂಡ ಪಕ್ಕದಲ್ಲೇ ನಿಂತಿದ್ದ, ಬೇರೆ ಏನು ಹೇಳಬೇಕಿತ್ತು? ಆ ಚೀಟಿಯೇ ಅವಳ ವಿರುದ್ಧ ಸಾಕ್ಷಿ ಆಯಿತು. ಡಿಕ್ರಿ ಅವನ ಪರ ಬಂತು.

ಅವಳು ಹೋಗಲಿಲ್ಲ. ನಾವೂ ಕಳಿಸಲಿಲ್ಲ. ಅಂಥ ಡಿಕ್ರಿ ಇದ್ದ ಮಾತ್ರಕ್ಕೆ ಹೆಂಡತಿಯ ಜೀವನಾಂಶ ತಪ್ಪಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ಹೇಳಿದೆ, ಅದನ್ನು ಹಿಡಿದುಕೊಂಡು ನಮ್ಮ ವಕೀಲರು ಓಡಾಡುತ್ತಿದ್ದಾರೆ. ಡಿಕ್ರಿಯಾಗಿ ಒಂದು ವರ್ಷ ಜೊತೆಗೆ ಬಾಳದಿದ್ದರೆ ಅದೇ ಕಾರಣಕ್ಕೆ ವಿಚ್ಛೇದನ ಕೇಳಬಹುದು ಅಂತಲೂ ಕಾಯ್ದೆಯಲ್ಲಿ ಇದೆ. ಹೋದ ತಿಂಗಳು ಅವನು ಕೇಳಿದ. ಆ ಕಾಗದ ನೋಡಿ ಅಕ್ಕ, "ಹಂಗಾರ ಇದು ನನ್ನ ಕರಿಯಾಕ ಅಲ್ಲ, ಬಿಡಾಕ ಹಾಕಿದ್ದ ಕೇಸ ಏನು?" ಅಂದಳು.

ಬ್ರಿಟಿಷರ ಕಾಲದ ಕಾನೂನುಗಳನ್ನು ತೆಗೆಯುತ್ತೇವೆ ಅಂತ ಹೇಳಿ ದಂಡಸಂಹಿತೆ ಬದಲಿಸಿದಿರಿ, 2024ರ ಜುಲೈ 1ರಿಂದ ಹೊಸದು ಜಾರಿಗೆ ಬಂತು. ಅದೇ ಮಾತಿನ ಮೇಲೆ ನಿಂತು ಕೇಳುತ್ತಿದ್ದೇನೆ. ಹಿಂದೂ ವಿವಾಹ ಕಾಯ್ದೆಯ ಕಲಂ 9 ತೆಗೆಯಿರಿ. ವಿಶೇಷ ವಿವಾಹ ಕಾಯ್ದೆಯ ಕಲಂ 22ರಲ್ಲಿ, ಕ್ರೈಸ್ತರ ವಿಚ್ಛೇದನ ಕಾಯ್ದೆಯಲ್ಲಿ ಇರುವುದನ್ನೂ ತೆಗೆಯಿರಿ. ಸಿವಿಲ್ ಸಂಹಿತೆಯ ಜಪ್ತಿಯ ಮಾತನ್ನೂ ತೆಗೆಯಿರಿ. ಇಬ್ಬರಿಗೂ ಬಾಳಲಾಗದಿದ್ದರೆ ಹೊರಬರಲು ನೇರ ದಾರಿ ಮಾಡಿ, ಹೀಗೆ ಸುತ್ತಿ ಬಳಸಿ ಒಬ್ಬ ಹೆಂಗಸನ್ನು ತಪ್ಪಿತಸ್ಥೆ ಮಾಡಿ ಆಮೇಲೆ ಬಿಡುವುದು ಬೇಡ. ಸರ್ಕಾರ ತರದಿದ್ದರೆ ನಿಮ್ಮ 28 ಜನರಲ್ಲಿ ಯಾರಾದರೂ ಒಬ್ಬರು ಖಾಸಗಿ ಮಸೂದೆಯನ್ನಾದರೂ ತನ್ನಿ. ಧಾರವಾಡದವರು ತಂದರೆ ನನಗೆ ಜಾಸ್ತಿ ಖುಷಿ.

ಅಕ್ಕನ ಮುಂದಿನ ತಾರೀಖು ಬರುವ ತಿಂಗಳು ಇದೆ. ರಜೆ ಹಾಕಿ ನಾನೂ ಜೊತೆಗೆ ಹೋಗುತ್ತೇನೆ. ಅಷ್ಟರೊಳಗೆ ನಿಮ್ಮಲ್ಲಿ ಒಬ್ಬರಾದರೂ ಉತ್ತರ ಬರೆದರೆ, ಕೋರ್ಟಿನ ಬೆಂಚಿನ ಮೇಲೆ ಅವಳ ಬಲಗಡೆ ಕೂತು ಓದಿ ಹೇಳುತ್ತೇನೆ.

ಇಂತಿ,
ಧಾರವಾಡದ ಒಬ್ಬ ಶಾಲಾ ಶಿಕ್ಷಕಿ